94 ಕಿಲೋ ಮೈಗೆ 28 ಲೀಟರ್ ಬೋರ್ಡು ಸಾಲದು

ಕಲಬುರಗಿಯಿಂದ ಮುಲ್ಕಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೂ ದಸರಾ ರಜೆಗೆ, ಡಿಸೆಂಬರ್ ರಜೆಗೆ ರಾತ್ರಿಯಿಡೀ ಪ್ರಯಾಣ ಮಾಡಿ ಅಲೆಗೆ ಇಳಿಯುವವರು ನಮ್ಮ ಕಡೆ ಇದ್ದಾರೆ. ಹದಿನೇಳು ವರ್ಷ ಕರಾವಳಿಯಲ್ಲಿ ಸರ್ಫಿಂಗ್ ಕಲಿಸಿ, ಒಡೆದ ಬೋರ್ಡ್ ರಿಪೇರಿ ಮಾಡಿ ಊರಿಗೆ ಮರಳಿದ ಮೇಲೆ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಕೇಳುವವರೂ ಹೆಚ್ಚುಕಡಿಮೆ ಒಂದೇ ತರಹದವರು: ನಲವತ್ತೈದು ದಾಟಿದವರು, ಮೈಯಲ್ಲಿ ತೂಕ ಇರುವವರು. ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಲೀಷ್, ಬೋರ್ಡಿನಡಿಯ ಮೀನಿನ ರೆಕ್ಕೆಯಂಥದ್ದು ಫಿನ್; ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಸ್ವಂತ ಬೋರ್ಡ್ ಕೊಳ್ಳುವ ಹಂತಕ್ಕೆ ಇನ್ನೂ ಬಂದಿಲ್ಲ.

ಪ್ರಶ್ನೆ: ನನಗೆ 53 ವರ್ಷ, ತೂಕ 94 ಕಿಲೋ, ಎತ್ತರ 5 ಅಡಿ 8 ಇಂಚು. ಎಂಟು ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಮುಲ್ಕಿಗೆ ಹೋಗಿ 9 ಅಡಿಯ ಫೋಮ್ ಬೋರ್ಡ್ ಮೇಲೆ ಸರ್ಫ್ ಮಾಡುತ್ತೇನೆ. ಎಡಕ್ಕೂ ಬಲಕ್ಕೂ ತಿರುಗಿಸಲು ಬರುತ್ತದೆ. ಈಗ ಹೈ ಪರ್ಫಾರ್ಮೆನ್ಸ್, ಅಂದರೆ ಚುರುಕಾಗಿ ತಿರುಗುವ ಬೋರ್ಡ್ ಬೇಕು. ಮಾರುವವರು 6 ಅಡಿಯ, 28 ಲೀಟರ್ ಗಾತ್ರದ ಬೋರ್ಡ್ ತೋರಿಸಿ, ‘ಚಾಂಪಿಯನ್ನರು ಬಳಸುವುದು ಇದನ್ನೇ, ಎಪಾಕ್ಸಿ ರಾಳದ ಹೊದಿಕೆ ಇರುವುದರಿಂದ ನಿಮ್ಮ ತೂಕ ತಡೆಯುತ್ತದೆ’ ಎನ್ನುತ್ತಾರೆ. ಕೊಳ್ಳಲೇ? (ಓದುಗರು, ಕಲಬುರಗಿ)

ಉತ್ತರ: ಕೊಳ್ಳಬೇಡಿ. ನಿಮ್ಮ ಭಾರಕ್ಕೆ ಬೋರ್ಡ್ ಮುರಿಯದೆ ಇರುವುದು ಬೇರೆ, ನಿಮ್ಮನ್ನು ತೇಲಿಸುವುದು ಬೇರೆ. ಇವೆರಡನ್ನೂ ಬೇಕೆಂದೇ ಕಲಸಿ ಹೇಳುವವರ ಮೇಲೆ ನನಗೆ ಸಿಟ್ಟಿದೆ.

ಲೆಕ್ಕ ನೋಡಿ. 28 ಲೀಟರಿನ ಬೋರ್ಡ್ ಪೂರ್ತಿ ಮುಳುಗಿದರೂ ಸಮುದ್ರದ ನೀರು ಅದನ್ನು ಎತ್ತುವುದು ಸುಮಾರು 28.7 ಕಿಲೋ ಬಲದಿಂದ. ಬೋರ್ಡಿನದೇ ಮೂರು ಕಿಲೋ ತೂಕ ಕಳೆಯಿರಿ, ಉಳಿಯುವುದು 26ರ ಆಸುಪಾಸು. ನಿಮ್ಮ 94ರಲ್ಲಿ ಮಿಕ್ಕ 68 ಕಿಲೋ ಹೊರಬೇಕಾದರೆ ನಿಮ್ಮ ಎದೆ, ಹೊಟ್ಟೆ, ತೊಡೆಯೇ ನೀರಿಗೆ ಇಳಿಯಬೇಕು. ಮೈ ಅಷ್ಟು ಇಳಿದರೆ ನೀರು ಹಿಂದಕ್ಕೆ ಜಗ್ಗುತ್ತದೆ. ಬೋರಲು ಮಲಗಿ ನೀರನ್ನು ಹಿಂದಕ್ಕೆ ತಳ್ಳುತ್ತ ಪ್ಯಾಡಲ್ ಮಾಡುವ ಒಂದೊಂದು ಕೈಗೂ ಅರ್ಧ ಫಲ ಸಿಗುವುದಿಲ್ಲ. ಅಲೆ ಬಂದಾಗ ಅದರ ವೇಗಕ್ಕೆ ನೀವು ಹತ್ತಿರವೂ ಹೋಗಿರುವುದಿಲ್ಲ, ಅದು ಅಡಿಯಿಂದ ಜಾರಿ ದಡಕ್ಕೆ ಹೋಗುತ್ತದೆ. ಹಿಡಿಯಲಾಗದ ಅಲೆಯ ಮೇಲೆ ಯಾವ ಪರ್ಫಾರ್ಮೆನ್ಸೂ ಇಲ್ಲ. ವಯಸ್ಸಾದವರಿಗೆ, ತೂಕದವರಿಗೆ ಹೈ ಪರ್ಫಾರ್ಮೆನ್ಸ್ ಎಂಬುದು ತಿರುಗುವಲ್ಲಿ ಶುರುವಾಗುವುದಿಲ್ಲ, ಪ್ಯಾಡಲ್‌ನಲ್ಲಿ ಶುರುವಾಗುತ್ತದೆ. ಇದನ್ನು ಒಪ್ಪಿಕೊಂಡರೆ ಮುಂದಿನದು ಸುಲಭ.

ಬೋರ್ಡಿನ ಲೀಟರನ್ನು ನಿಮ್ಮ ಕಿಲೋದಿಂದ ಭಾಗಿಸಿ. ದಿನವೂ ನೀರಿನಲ್ಲಿರುವ, ಗಟ್ಟಿ ಮೈಯ ಪಳಗಿದ ಸರ್ಫರ್‌ಗಳು ಬಳಸುವ ಬೋರ್ಡಿಗೆ ಆ ಸಂಖ್ಯೆ 0.34ರಿಂದ 0.38ರೊಳಗೆ ಬರುತ್ತದೆ. ಮಧ್ಯಮ ಮಟ್ಟದವರಿಗೆ 0.40ರಿಂದ 0.50. ನಿಮಗೆ ತೋರಿಸಿದ ಬೋರ್ಡಿನದು 0.30. ನಿಮ್ಮ ತೂಕದ ಚಾಂಪಿಯನ್ ಇದ್ದರೂ ಅವನೂ ಅದನ್ನು ಮುಟ್ಟುವುದಿಲ್ಲ, ಕನಿಷ್ಠ 32 ಲೀಟರ್ ಕೇಳುತ್ತಾನೆ. ನೀವು ಮಧ್ಯಮ ಮಟ್ಟದವರು, ಐವತ್ತು ದಾಟಿದವರು, ನಡುವೆ ನಾಲ್ಕು ತಿಂಗಳು ನೀರು ಕಾಣದವರು. ನಿಮಗೆ 0.55 ಬೇಕು, ಅಂದರೆ 52 ಲೀಟರಿನ ಆಸುಪಾಸು. ತೂಕ ಹೇಳುವಾಗ ಮದುವೆಯ ಕಾಲದ ತೂಕ ಹೇಳಬೇಡಿ. ಈ ವಾರ ಕಾಟಾ ಮೇಲೆ ನಿಂತು ನೋಡಿದ್ದು ಹೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಂದು ಬೆಳಗ್ಗೆ ನನಗೆ ಮರೆತಿಲ್ಲ. ಸಸಿಹಿತ್ಲುವಿನ ಬಳಿ ಶಾಂಭವಿ, ನಂದಿನಿ ಎರಡೂ ನದಿಗಳು ಕೂಡಿ ಕಡಲು ಸೇರುವ ಅಳಿವೆ ಇದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ಹೊರಗೆ ಎಳೆಯುತ್ತದೆ. ಭಾಲ್ಕಿ ಕಡೆಯವರು ಒಬ್ಬರು, 58 ವರ್ಷ, ನೂರರ ಹತ್ತಿರ ತೂಕ, ಹೊಸದಾಗಿ ತಂದ 30 ಲೀಟರಿನ ಬೋರ್ಡ್ ಹಿಡಿದು ನನಗೆ ಹೇಳದೆ ಇಳಿದಿದ್ದರು. ನಾನು ನೋಡುವ ಹೊತ್ತಿಗೆ ಬೋರ್ಡಿನ ಮೂಗು ಮಾತ್ರ ನೀರಿನ ಮೇಲಿತ್ತು, ಅವರ ಗದ್ದ ಅದಕ್ಕೆ ಒರಗಿತ್ತು. ಹತ್ತಿರ ಹೋದಾಗ ಅವರು ಹೇಳಿದ್ದು ಒಂದೇ ಮಾತು: ‘ಸರ, ಕೈ ಏಳವಲ್ವು.’ ತುಟಿ ಬಿಳಿಚಿಕೊಂಡಿತ್ತು. ನನ್ನ ದೊಡ್ಡ ಬೋರ್ಡ್ ಮೇಲೆ ಎಳೆದು ಹಾಕಿ ಅಡ್ಡಕ್ಕೆ ಪ್ಯಾಡಲ್ ಮಾಡಿ ದಡಕ್ಕೆ ತರಲು ಇಪ್ಪತ್ತು ನಿಮಿಷ ಹಿಡಿಯಿತು. ಅವರಿಗೆ ಈಜು ಚೆನ್ನಾಗಿ ಬರುತ್ತಿತ್ತು. ಭಯವೂ ಇರಲಿಲ್ಲ. ಬೋರ್ಡ್ ಮಾತ್ರ ತಪ್ಪಾಗಿತ್ತು. ಅಂದಿನಿಂದ ಲೀಟರಿನ ವಿಷಯದಲ್ಲಿ ನಾನು ಜಾಸ್ತಿ ಕಡೆಗೇ ವಾಲುತ್ತೇನೆ. ಬೇರೆ ತರಬೇತುದಾರರು ಒಂದೆರಡು ಲೀಟರ್ ಕಡಿಮೆ ಹೇಳಬಹುದು, ಹೇಳಲಿ.

ಹಾಗಂತ 70 ಲೀಟರ್ ತಂದುಕೊಳ್ಳುವುದೂ ಬೇಡ. ನೀವು ತಿರುಗಿಸುವುದು ರೇಲ್‌ನಿಂದ, ಅಂದರೆ ಬೋರ್ಡಿನ ಅಂಚಿನಿಂದ. ಅಂಚು ನೀರಿನೊಳಗೆ ಇಳಿದರೆ ಮಾತ್ರ ಬೋರ್ಡ್ ತಿರುಗುತ್ತದೆ. ಅಂಚೇ ದಿಂಬಿನಂತೆ ದಪ್ಪ ಇದ್ದರೆ ನಿಮ್ಮ 94 ಕಿಲೋ ಒತ್ತಿದರೂ ಅದು ಇಳಿಯುವುದಿಲ್ಲ, ಬೆಂಡಿನ ಹಾಗೆ ಮೇಲೆ ಪುಟಿಯುತ್ತದೆ. ಅದಕ್ಕೇ ಒಟ್ಟು ಲೀಟರಿಗಿಂತ ಆ ಲೀಟರ್ ಎಲ್ಲಿ ಕೂತಿದೆ ಎಂಬುದು ಮುಖ್ಯ. ದಪ್ಪ ಎದೆಯ ಕೆಳಗೆ, ನಡುಗೆರೆಯ ಉದ್ದಕ್ಕೆ ಇರಬೇಕು. ಅಂಚಿನ ಕಡೆಗೆ ಸಣ್ಣಗಾಗುತ್ತ ಹೋಗಬೇಕು. ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಅಂಗೈಯಿಂದ ಅಂಚನ್ನು ಹಿಡಿದು ನೋಡಿ. ರೊಟ್ಟಿ ತಟ್ಟುವವರು ಅಂಚನ್ನು ಬೆರಳಲ್ಲೇ ಅಳೆಯುವ ಹಾಗೆ, ಹತ್ತು ಬೋರ್ಡ್ ಹಿಡಿದ ಮೇಲೆ ಕೈಗೇ ತಿಳಿಯುತ್ತದೆ. ಹೆಬ್ಬೆರಳು, ತೋರುಬೆರಳು ಸುಲಭವಾಗಿ ಬಳಸಿಕೊಂಡರೆ ಸರಿ, ಹಿಡಿತಕ್ಕೆ ಸಿಗದಿದ್ದರೆ ಬಿಡಿ.

ಇನ್ನು ರಾಕರ್, ಬೋರ್ಡ್ ಅಡಿಯ ಬಾಗು. ಇದನ್ನು ಅಳೆಯಲು ನಮ್ಮವರಿಗಿಂತ ಅನುಕೂಲ ಯಾರಿಗೂ ಇಲ್ಲ, ಮನೆ ತುಂಬ ಶಹಾಬಾದಿ ಫರಸಿ ಇದೆ. ಫಿನ್ ತೆಗೆದು, ಸಮ ಇರುವ ಕಡೆ ಬೋರ್ಡನ್ನು ಅಡಿ ಕೆಳಗಾಗಿ ಇಡಿ. ನಡುವೆ ಮೆಲ್ಲಗೆ ಒತ್ತಿ ಹಿಡಿದು ಮೂಗಿನ ತುದಿ ಫರಸಿಯಿಂದ ಎಷ್ಟು ಮೇಲಿದೆ ಎಂದು ಸ್ಕೇಲಿನಿಂದ ನೋಡಿ. ಸ್ಪರ್ಧೆಯ ಬೋರ್ಡುಗಳಲ್ಲಿ ಐದು ಇಂಚಿನ ಆಸುಪಾಸು ಇರುತ್ತದೆ. ಕಡಿದಾಗಿ, ಟೊಳ್ಳಾಗಿ ಮುರಿಯುವ ದೊಡ್ಡ ಅಲೆಗೆ ಅದು ಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಹೆಚ್ಚಿನ ದಿನ ಅಲೆ ಮೊಣಕಾಲಿನಿಂದ ಸೊಂಟದವರೆಗೆ, ಅದೂ ಮೆತ್ತಗೆ. ಅಷ್ಟು ಬಾಗಿದ ಮೂಗು ಅಲ್ಲಿ ನೀರನ್ನು ಮುಂದಕ್ಕೆ ತಳ್ಳುತ್ತ ಬ್ರೇಕ್ ಹಾಕಿದಂತೆ ಆಗುತ್ತದೆ. ನಿಮಗೆ ನಾಲ್ಕು, ನಾಲ್ಕೂಕಾಲು ಇಂಚು ಸಾಕು. ಮೂಗಿನ ಕಡೆ ಚಪ್ಪಟೆ ಇರಲಿ, ಬಾಲದ ಕಡೆ ಸ್ವಲ್ಪ ಬಾಗು ಇರಲಿ. ಚಪ್ಪಟೆ ಮೂಗು ಅಲೆಯನ್ನು ಬೇಗ ಹಿಡಿಸುತ್ತದೆ. ಬೇಗ ಹಿಡಿದರೆ ಎದ್ದು ನಿಲ್ಲಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಐವತ್ತರ ಮೊಣಕಾಲಿಗೆ ಆ ಒಂದು ಕ್ಷಣವೇ ಎಲ್ಲಕ್ಕಿಂತ ಮುಖ್ಯ.

ಅಳತೆ ಹೇಳಿಬಿಡುತ್ತೇನೆ: ಉದ್ದ 7 ಅಡಿ 2 ಇಂಚು, ಅಗಲ ಇಪ್ಪತ್ತೊಂದೂಮುಕ್ಕಾಲು ಇಂಚು, ದಪ್ಪ 3 ಇಂಚು. ಸೆಂಟಿಮೀಟರಿನಲ್ಲಿ 218, 55, 7.6. ಮೂರನ್ನೂ ಗುಣಿಸಿದರೆ ಸುಮಾರು 91 ಲೀಟರ್. ಬೋರ್ಡ್ ಪೆಟ್ಟಿಗೆಯಂತೆ ಚೌಕ ಅಲ್ಲವಲ್ಲ, ಆದ್ದರಿಂದ ದುಂಡು ಮೂಗಿನ ಬೋರ್ಡಾದರೆ 0.57ರಿಂದ ಗುಣಿಸಿ. 52 ಬರುತ್ತದೆ. ಚೂಪು ಮೂಗಿನ ತೆಳು ಬೋರ್ಡಿಗೆ 0.53 ಹಿಡಿಯಿರಿ. ಲೀಟರ್ ಬರೆಯದ ಹಳೆಯ ಬೋರ್ಡ್ ಕೊಳ್ಳುವಾಗ ಈ ಲೆಕ್ಕ ನಿಮ್ಮನ್ನು ಕಾಯುತ್ತದೆ. ಬಾಲ ಅಗಲವಾಗಿ, ತುದಿ ಚೌಕವಾಗಿ ಇರಲಿ.

ಫಿನ್ ಮೂರು ಇರಲಿ, ದೊಡ್ಡ ಅಳತೆಯದೇ ಇರಲಿ. ಬೋರ್ಡ್ ಜತೆ ಪುಕ್ಕಟೆ ಕೊಡುವ ಮಧ್ಯಮ ಅಳತೆಯ ಫಿನ್ ನಿಮ್ಮ ತೂಕಕ್ಕೆ ಹಿಡಿತ ಕೊಡುವುದಿಲ್ಲ, ತಿರುವಿನಲ್ಲಿ ಬಾಲ ಜಾರುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಇಂದು ಜಗತ್ತಿನ ಹೆಚ್ಚಿನ ಸ್ಪರ್ಧೆಯ ಬೋರ್ಡುಗಳಲ್ಲಿರುವ ಮೂರು ಫಿನ್‌ಗಳ ‘ಥ್ರಸ್ಟರ್’ ವ್ಯವಸ್ಥೆಯನ್ನು ರೂಪಿಸಿದವರು ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್. ಆಗ ಎಲ್ಲರೂ ಬಳಸುತ್ತಿದ್ದ ಎರಡು ಫಿನ್‌ಗಳ ಬೋರ್ಡ್ ಅವರ ದೊಡ್ಡ ಮೈಕಟ್ಟಿಗೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಮೂರನೆಯ ಫಿನ್ ಹಾಕಿ 1981ರಲ್ಲಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದರು. ದಪ್ಪಗಿರುವವರಿಗೆ ಹೈ ಪರ್ಫಾರ್ಮೆನ್ಸ್ ಯಾಕೆ ಎಂದು ನಿಮ್ಮನ್ನು ಯಾರಾದರೂ ಹಂಗಿಸಿದರೆ ಇದನ್ನು ಹೇಳಿ.

ಕೊನೆಗೆ ನನ್ನದೊಂದು ಷರತ್ತು. ಫರಸಿಯ ಮೇಲೆ ಚಾಪೆ ಹಾಸಿ ಬೋರಲು ಮಲಗಿ. ಮೊಣಕಾಲು ಊರದೆ ಒಂದೇ ಏಟಿಗೆ ಎದ್ದು ನಿಲ್ಲಿ. ಹೀಗೆ ಹತ್ತು ಸಲ ಮಾಡಿ. ಹತ್ತನೆಯದು ಮೊದಲನೆಯದರಂತೆ ಬಂದರೆ 7 ಅಡಿ 2 ಇಂಚಿನ ಬೋರ್ಡ್ ತನ್ನಿ. ಆರನೆಯದಕ್ಕೇ ಮೊಣಕಾಲು ನೆಲ ಮುಟ್ಟಿದರೆ ಈ ವರ್ಷ ಹಣ ಇಟ್ಟುಕೊಳ್ಳಿ, ವಾರಕ್ಕೆ ಮೂರು ದಿನ ಈಜುಕೊಳಕ್ಕೆ ಹೋಗಿ. ಮೊದಲ ಸಲ ಇಳಿಯುವ ಮುನ್ನ ಹೃದಯದ ತಪಾಸಣೆ ಮಾಡಿಸಿ.

ಪ್ರಶ್ನೆ: ಸರ್ಫಿಂಗ್ ಚಾಂಪಿಯನ್ ಕೆಲ್ಲಿ ಸ್ಲೇಟರ್ ಐವತ್ತರಲ್ಲೂ ಚಿಕ್ಕ ಬೋರ್ಡೇ ಬಳಸುತ್ತಾರಲ್ಲ? (ಹುಮನಾಬಾದ್)

ಉತ್ತರ: ಹೌದು, 2022ರ ಫೆಬ್ರುವರಿಯಲ್ಲಿ ಐವತ್ತು ತುಂಬಲು ಆರು ದಿನ ಇರುವಾಗ ಅವರು ಹವಾಯಿಯ ಪೈಪ್‌ಲೈನ್ ಸ್ಪರ್ಧೆ ಗೆದ್ದರು. ಅವರ ಬದುಕೇ ನೀರಿನಲ್ಲಿ ಕಳೆದಿದೆ. ನೀವು ವರ್ಷಕ್ಕೆ ಇಪ್ಪತ್ತು ದಿನ ಇಳಿಯುತ್ತೀರಿ.

ಪ್ರಶ್ನೆ: ನನ್ನ ಎತ್ತರಕ್ಕೆ ಎಷ್ಟು ಉದ್ದದ ಬೋರ್ಡ್? (ಚಿತ್ತಾಪುರ)

ಉತ್ತರ: ಎತ್ತರ ನೋಡಿ ಬೋರ್ಡ್ ಆರಿಸುವ ಕಾಲ ಹೋಯಿತು. ಮೇಲಿನ ಉತ್ತರ ಓದಿ.

ಪ್ರಶ್ನೆ: ಮೊಣಕಾಲು ನೋವಿಗೆ ಒಬ್ಬರು ಎಣ್ಣೆ ಕೊಟ್ಟು, ಹದಿನೈದು ದಿನ ಹಚ್ಚಿದರೆ ಚಿಕ್ಕ ಬೋರ್ಡ್ ಮೇಲೂ ಜಿಗಿದು ನಿಲ್ಲಬಹುದು ಎಂದಿದ್ದಾರೆ. ಜತೆಗೆ ತಿಂಗಳಿಗೆ ಹತ್ತು ಕಿಲೋ ಇಳಿಸುವ ಪುಡಿಯೂ ಇದೆಯಂತೆ. (ಶಹಾಪುರ)

ಉತ್ತರ: ಎಣ್ಣೆ ತಿಕ್ಕಿದರೆ ಚರ್ಮ ಬೆಚ್ಚಗಾಗುತ್ತದೆ, ಸವೆದ ಕೀಲು ಮರಳಿ ಬೆಳೆಯುವುದಿಲ್ಲ. ಪುಡಿಯಲ್ಲಿ ಏನಿದೆ ಎಂದು ಕೊಡುವವನಿಗೂ ಗೊತ್ತಿರುವುದಿಲ್ಲ. ತಿಂಗಳಲ್ಲಿ ಹತ್ತು ಕಿಲೋ ಹೋದರೆ ಕೊಬ್ಬಿನ ಜತೆ ತೋಳಿನ ಮಾಂಸವೂ ಹೋಗುತ್ತದೆ, ಆಮೇಲೆ ಪ್ಯಾಡಲ್ ಯಾವುದರಿಂದ ಮಾಡುತ್ತೀರಿ? ಎಲುಬು ಡಾಕ್ಟರಿಗೆ ತೋರಿಸಿ. ನಮ್ಮ ಜನರ ನೋವಿನ ಮೇಲೆ ಸಂತೆಯಲ್ಲಿ ಕೂತು ದುಡ್ಡು ಮಾಡುವ ಇಂಥವರನ್ನು ಊರವರೇ ಪ್ರಶ್ನೆ ಮಾಡಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಭೀಮಾ ನದಿಯಲ್ಲಿ ಬ್ಯಾರೇಜ್ ಕೆಳಗೆ ಒಳ್ಳೆ ಅಲೆ ಏಳುತ್ತದೆ. ಅಲ್ಲಿ ಪ್ರಾಕ್ಟೀಸ್ ಮಾಡಬಹುದೇ? (ಯಾದಗಿರಿ)

ಉತ್ತರ: ಬೇಡ, ಬೇಡ. ಬ್ಯಾರೇಜ್ ಕೆಳಗೆ ಏಳುವುದು ಅಲೆಯಲ್ಲ, ತನ್ನೊಳಗೇ ತಿರುಗುವ ಸುಳಿ. ಒಳಗೆ ಸಿಕ್ಕವರನ್ನು ಅದು ಹೊರಗೆ ಬಿಡುವುದಿಲ್ಲ. ಹರಿಯುವ ನದಿಯಲ್ಲಿ ಕಾಲಿಗೆ ಲೀಷ್ ಕಟ್ಟಿಕೊಂಡರೆ ಅದು ಕಲ್ಲಿಗೋ ಜಾಲಿ ಕಂಟಿಗೋ ಸಿಕ್ಕಿ ನಿಮ್ಮನ್ನು ನೀರಿನ ಕೆಳಗೇ ಹಿಡಿಯುತ್ತದೆ. ಈ ಪ್ರಶ್ನೆ ನನಗೆ ಪ್ರತಿ ಜುಲೈನಲ್ಲಿ ಬರುತ್ತದೆ, ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ.

ಪ್ರಶ್ನೆ: ಕಾರಂಜಾ ಹಿನ್ನೀರಿನಲ್ಲಿ ಬೋರ್ಡ್ ತೇಲಿಸಿ ನೋಡಿ ಆರಿಸಬಹುದೇ? (ಬೀದರ್)

ಉತ್ತರ: ಪ್ರಯೋಜನವಿಲ್ಲ. ಸಿಹಿನೀರು ಕಡಲ ನೀರಿಗಿಂತ ಸುಮಾರು ಎರಡೂವರೆ ಶೇಕಡಾ ಕಡಿಮೆ ಎತ್ತುತ್ತದೆ, ಅಲೆಯ ಮೇಲಿನ ಓಟ ಅಲ್ಲಿ ತಿಳಿಯುವುದೂ ಇಲ್ಲ.

ಪ್ರಶ್ನೆ: ಎಪಾಕ್ಸಿ ಒಳ್ಳೆಯದೋ, ಪಿಯು (ಪಾಲಿಯುರೆಥೇನ್ ಫೋಮ್) ಒಳ್ಳೆಯದೋ? ಬೋರ್ಡನ್ನು ಮನೆಯಲ್ಲಿ ಎಲ್ಲಿಡಬೇಕು? (ಸೇಡಂ)

ಉತ್ತರ: ಎಪಾಕ್ಸಿ ಹೊದಿಕೆಯ, ಒಳಗೆ ಇಪಿಎಸ್ (ಥರ್ಮೋಕೋಲ್ ತರಹದ ಫೋಮ್) ಇರುವ ಬೋರ್ಡ್ ಹಗುರ, ಗಟ್ಟಿ. ತೂಕದವರ ಹಿಮ್ಮಡಿಗೆ ಅದರ ಮೇಲೆ ಬೇಗ ಕುಳಿ ಬೀಳುವುದಿಲ್ಲ. ಕಡಲಿನ ಪಕ್ಕದಲ್ಲಿದ್ದರೆ ನಿಮಗೆ ಅದನ್ನೇ ಹೇಳುತ್ತಿದ್ದೆ. ಆದರೆ ನಮ್ಮದು ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು. ಕಳೆದ ಬೇಸಿಗೆಯಲ್ಲಿ ಒಬ್ಬರು ನನ್ನ ಬಳಿ ಒಂದು ಬೋರ್ಡ್ ತಂದರು. ಮಾಳಿಗೆ ಮೇಲಿನ ತಗಡಿನ ಶೆಡ್ಡಿನಲ್ಲಿ ಎರಡು ವಾರ ಇಟ್ಟಿದ್ದರಂತೆ. ಎದೆ ಇಡುವ ಜಾಗ ಹಪ್ಪಳದಂತೆ ಉಬ್ಬಿತ್ತು. ಬೆರಳ ಗಿಣ್ಣಿನಿಂದ ಬಾಲದ ಕಡೆ ಬಡಿದರೆ ಟಣ್ ಎಂದಿತು, ಉಬ್ಬಿದಲ್ಲಿ ಡಬ್ ಎಂದು ಟೊಳ್ಳು ಸದ್ದು. ಒಳಗಿನ ಗಾಳಿ ಕಾದು ಹಿಗ್ಗಿ ಹೊದಿಕೆಯನ್ನು ಫೋಮಿನಿಂದ ಬಿಡಿಸಿತ್ತು. ಅಷ್ಟು ಅಗಲ ಬಿಟ್ಟ ಮೇಲೆ ರಿಪೇರಿ ಮಾಡಿದರೂ ಹಳೆಯ ಬಲ ಬರುವುದಿಲ್ಲ. ಅವರಿಗೆ ಹಾಗೇ ಹೇಳಿ ಕಳಿಸಿದೆ.

ಆದ್ದರಿಂದ ತಣ್ಣಗಿನ ಕೋಣೆ ಇದ್ದರೆ ಎಪಾಕ್ಸಿ ತನ್ನಿ, ಗಾಳಿ ಹೊರಬಿಡುವ ವೆಂಟ್ ಇರುವುದನ್ನೇ ಆರಿಸಿ, ಬಣ್ಣ ಬಿಳಿ ಇರಲಿ. ಅಂಥ ಕೋಣೆ ಇಲ್ಲದಿದ್ದರೆ ಪಿಯು ತನ್ನಿ. ಅದು ಸ್ವಲ್ಪ ಭಾರ, ಆದರೆ ಸೆಕೆಯನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಯಾವುದೇ ಇರಲಿ, ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ಬಿಡಬೇಡಿ. ಊರಿಗೆ ಹೊರಡುವ ಮುನ್ನ ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ಮೇಣವನ್ನು ದಡದಲ್ಲೇ ಕೆರೆದು ತೆಗೆಯಿರಿ. ಇಲ್ಲದಿದ್ದರೆ ದಾರಿಯಲ್ಲೇ ಕರಗಿ ಚೀಲಕ್ಕೆಲ್ಲ ಹತ್ತುತ್ತದೆ. ಮನೆಯಲ್ಲಿ ನಡುಕೋಣೆಯ ಒಳಗೋಡೆಗೆ, ಬಿಸಿಲು ಬೀಳದ ಕಡೆ, ಫರಸಿಯ ಮೇಲೆ ಹಳೆ ಕೌದಿ ಮಡಚಿ ಹಾಸಿ ಅಡ್ಡಕ್ಕೆ ನಿಲ್ಲಿಸಿ.