ಎಂಟನೇ ಕ್ಲಾಸಿನ ಮಗಳ ಕೂದಲಿಗೆ ಬಣ್ಣ ಹಾಕಿಸಬಹುದಾ? ಚರ್ಮವೈದ್ಯರ ಉತ್ತರ

ಬೇಸಿಗೆ ರಜೆ ಶುರುವಾದರೆ ಸಾಕು, ಮಕ್ಕಳ ಕೂದಲಿಗೆ ಬಣ್ಣ ಹಾಕೋ ಬಗ್ಗೆ ಪ್ರಶ್ನೆಗಳು ಸಾಲುಗಟ್ಟುತ್ತವೆ. ಹೇಳಿದ್ದನ್ನೇ ಎಷ್ಟು ಸಲ ಹೇಳೋದು? ಈ ಸಲ ಒಂದು ಪತ್ರಕ್ಕೆ ಪೂರ್ತಿಯಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಗೆಳತಿಯರು ಹಾಕಿಸಿದ್ದಾರೆ, ನನಗೂ ಕೂದಲಿಗೆ ಕೆಂಪು ಬಣ್ಣ ಬೇಕು ಅಂತ ಹಟ ಹಿಡಿದಿದ್ದಾಳೆ. ಪಾರ್ಲರಿನವರು "ಇದು ಹರ್ಬಲ್, ಅಮೋನಿಯಾ ಇಲ್ಲ, ಮಕ್ಕಳಿಗೂ ಏನೂ ಆಗಲ್ಲ" ಅನ್ನುತ್ತಾರೆ. ಹಾಕಿಸಬಹುದಾ? ಎಷ್ಟು ವಯಸ್ಸಾಗಿರಬೇಕು?
(ಓದುಗರೊಬ್ಬರು, ದಾವಣಗೆರೆ)

ಬೇಡ. 16 ತುಂಬಲಿ. ಇದು ನಾನು ಮನಸ್ಸಿಗೆ ಬಂದಂತೆ ಹೇಳಿದ ಸಂಖ್ಯೆ ಅಲ್ಲ. ಯುರೋಪಿನಲ್ಲಿ ಮಾರುವ ಇಂಥ ಡೈ ಪ್ಯಾಕೆಟ್ ಮೇಲೆ "16 ವರ್ಷದೊಳಗಿನವರಿಗಲ್ಲ" ಅಂತ ಬರೆದಿರಲೇಬೇಕು, ಅಲ್ಲಿ ಅದು ಕಾನೂನು. ನಮ್ಮ ಪ್ಯಾಕೆಟ್‌ಗಳ ಮೇಲೂ ಎಚ್ಚರಿಕೆ ಇರುತ್ತದೆ: ಮೊದಲು ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ, ರೆಪ್ಪೆ ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅಂತ. ಅದನ್ನು ಓದಿದವರು ನನಗೆ ಸಿಕ್ಕಿದ್ದು ಕಡಿಮೆ.

ಅಮ್ಮಂದಿರೆಲ್ಲ ಕೇಳೋದು ಒಂದೇ, "ಕೂದಲು ಹಾಳಾಗುತ್ತಾ ಡಾಕ್ಟ್ರೇ?" ಕೂದಲು ಹಾಳಾದರೆ ಕತ್ತರಿಸಬಹುದು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸದು ಬರುತ್ತದೆ. ನನ್ನ ಚಿಂತೆ ಚರ್ಮದ್ದು. ಕಪ್ಪು, ಕಂದು ಬಣ್ಣದ ಪರ್ಮನೆಂಟ್ ಡೈಗಳಲ್ಲಿ ಹೆಚ್ಚಿನವುಗಳಲ್ಲಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತದೆ, ಇಲ್ಲವೇ ಅದರ ಹತ್ತಿರದ ಸಂಬಂಧಿ ಇನ್ನೊಂದು. ಕೆಂಪು ಶೇಡ್‌ಗಳಲ್ಲೂ ಎಷ್ಟೋ ಸಲ ಇದೇ. ಇದು ನೆತ್ತಿಯ ಚರ್ಮದೊಳಗೆ ಇಳಿಯುತ್ತದೆ. ಕೆಲವರ ದೇಹ ಇದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ. ಮೊದಲ ಸಲ ಏನೂ ಕಾಣದೇ ಇರಬಹುದು, ಎರಡನೇ ಸಲವೂ ಸುಮ್ನೆ ಇರಬಹುದು, ಐದನೇ ಸಲ ಹಚ್ಚಿದ ಮಾರನೇ ದಿನ ಕಣ್ಣು ಬಿಡಲಾಗದಷ್ಟು ಮುಖ ಊದಿಕೊಳ್ಳಬಹುದು. ಒಮ್ಮೆ ಈ ಅಲರ್ಜಿ ಬಂತು ಅಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಮರಗಟ್ಟಿಸಲು ಬಳಸುವ ಕೆಲವು ಮುಲಾಮು, ಬಟ್ಟೆಯ ಕೆಲವು ಗಾಢ ಬಣ್ಣ, ಕಪ್ಪು ರಬ್ಬರಿನ ವಸ್ತು ಇವೆಲ್ಲ ಮುಂದೆ ತೊಂದರೆ ಕೊಡಬಹುದು. 13ಕ್ಕೇ ಶುರು ಮಾಡಿದರೆ ಈ ಅಪಾಯಕ್ಕೆ ಅಷ್ಟು ವರ್ಷ ಜಾಸ್ತಿ ಅವಕಾಶ ಕೊಟ್ಟಂತೆ. ನಲವತ್ತಕ್ಕೆ ಕೂದಲು ನೆರೆತು ನಿಜವಾಗಿ ಡೈ ಬೇಕು ಅನ್ನಿಸಿದಾಗ ಅವಳಿಗೆ ಹಚ್ಚಿಕೊಳ್ಳಲು ಆಗದೇ ಹೋಗಬಹುದು.

ಇನ್ನು "ಅಮೋನಿಯಾ ಇಲ್ಲ" ಅನ್ನೋ ಮಾತು. ಇದನ್ನು ಕೇಳಿ ಕೇಳಿ ನನಗೆ ಸಿಟ್ಟೇ ಬರುತ್ತದೆ. ಅಮೋನಿಯಾ ಮಾಡೋದು ಕೂದಲಿನ ಮೇಲ್ಪದರ ತೆರೆದು ಬಣ್ಣ ಒಳಗೆ ಬಿಡೋ ಕೆಲಸ. ಅದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ, ನಿಜ. ಅದನ್ನು ತೆಗೆದವರು ಅದೇ ಕೆಲಸಕ್ಕೆ ಹೆಚ್ಚಾಗಿ ಎಥನಾಲಮೈನ್ ಹಾಕುತ್ತಾರೆ. ವಾಸನೆ ಹೋಯಿತು, ಪಿಪಿಡಿ ಅಲ್ಲೇ ಇದೆ! ಹರ್ಬಲ್ ಕಥೆಯೂ ಇಷ್ಟೇ. ಪ್ಯಾಕೆಟ್ ಮುಂದೆ ನೆಲ್ಲಿಕಾಯಿ, ಭೃಂಗರಾಜದ ಚಿತ್ರ ಇರುತ್ತದೆ, ಹಿಂದೆ ತಿರುಗಿಸಿ ಇರುವೆ ಗಾತ್ರದ ಅಕ್ಷರ ಓದಿದರೆ ಎಷ್ಟೋ ಸಲ ಪ್ಯಾರಾ ಫಿನೈಲಿನ್ ಡೈಅಮೈನ್ ಅಂತ ಇರುತ್ತದೆ, ಅದೇ ಪಿಪಿಡಿ. ಓದದೇ "ಏನೂ ಆಗಲ್ಲ" ಅಂತ ಭರವಸೆ ಕೊಡೋ ಪಾರ್ಲರಿನವರಿಗೆ ಆ ಹಕ್ಕು ಕೊಟ್ಟವರು ಯಾರು?

ಜಾತ್ರೆಯಲ್ಲಿ, ಮಾಲ್‌ನಲ್ಲಿ ಹಾಕೋ ಕಪ್ಪು ಮೆಹಂದಿ ಇದಕ್ಕಿಂತ ಕೆಟ್ಟದ್ದು. ಮೆಹಂದಿ ಸೊಪ್ಪಿನ ಬಣ್ಣ ಕಿತ್ತಳೆ, ಕೆಂಪು, ಕಂದು. ಅದು ತಾನಾಗಿ ಅಚ್ಚ ಕಪ್ಪಾಗಲ್ಲ. ಅರ್ಧ ಗಂಟೆಯಲ್ಲಿ ಕಪ್ಪಗೆ ಹಿಡಿಯಿತು ಅಂದರೆ ಅದರಲ್ಲಿ ಡೈ ಬೆರೆಸಿದ್ದಾರೆ ಅಂತಲೇ ಅನುಮಾನಿಸಿ, ಎಷ್ಟು ಬೆರೆಸಿದ್ದಾರೆ ಅನ್ನೋದಕ್ಕೆ ಲೆಕ್ಕವೇ ಇರಲ್ಲ. ಒಬ್ಬ ಹುಡುಗನ ತೋಳು ನನಗೆ ಈಗಲೂ ನೆನಪಿದೆ. ಜಾತ್ರೆಯಲ್ಲಿ ಚೇಳಿನ ಚಿತ್ರ ಹಾಕಿಸಿಕೊಂಡಿದ್ದ. ಬಣ್ಣ ಹೋಗಿತ್ತು, ಚೇಳು ಹೋಗಿರಲಿಲ್ಲ: ತಲೆಯಿಂದ ಬಾಲದವರೆಗೆ ಅದೇ ಗೆರೆಯಲ್ಲಿ ಚರ್ಮ ಕೆಂಪಗೆ ಉಬ್ಬಿ, ನೀರುಗುಳ್ಳೆ ಎದ್ದಿತ್ತು. ಅವನ ಅಮ್ಮನಿಗೆ ನಾನು ಹೇಳಿದ್ದು, ಈ ಮಗು ಮುಂದೆ ಯಾವತ್ತೂ ಹೇರ್ ಡೈ ಮುಟ್ಟಬಾರದು ಅಂತ. ನಿಮ್ಮ ಮಗಳಿಗೂ ಹಿಂದೆ ಕಪ್ಪು ಮೆಹಂದಿಗೆ ತುರಿಕೆ, ಗುಳ್ಳೆ ಬಂದಿತ್ತಾ? ಹಾಗಿದ್ದರೆ 16 ಆದರೂ ಬೇಡ, 30 ಆದರೂ ಬೇಡ.

ಕೆಂಪು ಬಣ್ಣದ್ದು ಇನ್ನೊಂದು ತಾಪತ್ರಯ ಇದೆ. ನಮ್ಮ ಕಪ್ಪು ಕೂದಲಿನ ಮೇಲೆ ಅದು ಎದ್ದು ಕಾಣಬೇಕಾದರೆ ಮೊದಲು ಬ್ಲೀಚ್ ಮಾಡುತ್ತಾರೆ. ಅದು ನೆತ್ತಿಗೆ ತಾಗಿ, ಹೆಚ್ಚು ಹೊತ್ತು ಬಿಟ್ಟು, ಮೇಲಿಂದ ಬಿಸಿಯನ್ನೂ ಕೊಟ್ಟರೆ ಸುಡುತ್ತದೆ. ಆಳವಾಗಿ ಸುಟ್ಟ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೇ ಇರಬಹುದು.

ಹಾಗಂತ ಮಗಳನ್ನು ಬೈಯಬೇಡಿ. "ಒಳ್ಳೇ ಮನೆ ಹೆಣ್ಮಕ್ಕಳು ಹೀಗೆಲ್ಲ ಮಾಡ್ತಾರಾ" ಅಂತ ಶುರು ಮಾಡಿದರೆ ನಾನು ನಿಮ್ಮ ಪಕ್ಷ ಅಲ್ಲ. ಆಸೆ ತಪ್ಪಲ್ಲ. ಕ್ಲಿಪ್ ಹಾಕೋ ಬಣ್ಣದ ಎಳೆಗಳು ಸಿಗುತ್ತವೆ, ತಂದುಕೊಡಿ. ಶಾಂಪೂ ಹಾಕಿದರೆ ಹೋಗುವ ಹೇರ್ ಚಾಕ್ ಕೂಡ ಪರವಾಗಿಲ್ಲ, ತುದಿಗೆ ಮಾತ್ರ, ನೆತ್ತಿಗೆ ತಾಗದ ಹಾಗೆ. 16 ಆದ ಮೇಲೂ ಬೇಕು ಅಂದರೆ ಪ್ರತಿ ಸಲ ಮೊದಲು ಪ್ಯಾಕೆಟ್‌ನಲ್ಲಿ ಹೇಳಿದ ಹಾಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಹೋದ ಸಲ ಏನೂ ಆಗಲಿಲ್ಲ ಅನ್ನೋದು ಈ ಸಲಕ್ಕೆ ಗ್ಯಾರಂಟಿ ಅಲ್ಲ. ಕಾದು ಏನೂ ಆಗದಿದ್ದರೂ ಅಲರ್ಜಿ ಬರುವುದೇ ಇಲ್ಲ ಅಂತ ಹೇಳಲಾಗದು, ಅದಕ್ಕೇ ನೆತ್ತಿಗೆ ತಾಗದ ಎಳೆಗಳಿಗಷ್ಟೇ ಹಾಕಿಸಿ.

9 ವರ್ಷದ ಮಗನಿಗೆ ಬಿಳಿ ಕೂದಲು. ಡೈ ಹಾಕಲಾ, ಈರುಳ್ಳಿ ರಸ ಹಚ್ಚಲಾ?
ಎರಡೂ ಬೇಡ. ಬಾಲನೆರೆ ಹೆಚ್ಚಾಗಿ ಮನೆತನದಿಂದ ಬರುತ್ತದೆ. ಬಿ12, ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಅದಕ್ಕೆ ಮದ್ದಿದೆ. ಬಿಳಿಯನ್ನು ಕಪ್ಪು ಮಾಡುವ ಎಣ್ಣೆ ಅಂತ ವಾಟ್ಸಾಪ್‌ನಲ್ಲಿ ಮಾರುವವರು ನಿಮ್ಮ ದುಡ್ಡು ಹೊಡೆಯುತ್ತಿದ್ದಾರೆ.

ಒಂದು ಬಿಳಿ ಕೂದಲು ಕಿತ್ತರೆ ಹತ್ತು ಬರುತ್ತಂತೆ?
ಬರಲ್ಲ. ಆದರೂ ಕೀಳಬೇಡಿ.

ಸ್ಕೂಲ್ ಡೇಗೆ 5 ವರ್ಷದ ಮಗಳದ್ದು ಅಜ್ಜಿ ವೇಷ. ಕೂದಲು ಬೆಳ್ಳಗೆ ಮಾಡಿಸಬಹುದಾ?
ವಿಗ್ ಬಾಡಿಗೆಗೆ ಸಿಗುತ್ತದೆ.

ಮನೆಯಲ್ಲೇ ಅರೆದ ಮೆಹಂದಿ ಕೂಸಿಗೆ ಹಚ್ಚಬಹುದಲ್ವಾ?
ಕೂಸಿಗೆ ಬೇಡ. ಜಿ6ಪಿಡಿ ಕೊರತೆ ಅನ್ನೋ ಹುಟ್ಟು ತೊಂದರೆ ಇರುವ ಮಕ್ಕಳಲ್ಲಿ ಶುದ್ಧ ಮೆಹಂದಿಯಿಂದಲೂ ರಕ್ತಕಣ ಒಡೆದು ಕಾಮಾಲೆ ಆಗಬಹುದು, ಆ ಕೊರತೆ ಇದೆ ಅಂತ ಎಷ್ಟೋ ಮನೆಗಳಲ್ಲಿ ಗೊತ್ತೇ ಇರಲ್ಲ.

ಡೈ ಹಚ್ಚಿ ಆಗಿದೆ, ಮಗಳ ಕಿವಿ, ಹಣೆ ಕೆರೆತ. ಏನು ಮಾಡಲಿ?
ಈಗಲೇ ಚೆನ್ನಾಗಿ ತೊಳೆಯಿರಿ. ಅರಿಶಿನ, ನಿಂಬೆರಸ, ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಯಾವುದೂ ಬೇಡ, ಚರ್ಮವೈದ್ಯರಿಗೆ ತೋರಿಸಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಅಪ್ಪಿತಪ್ಪಿ ಮಗು ಡೈ ಕುಡಿದಿದ್ದರಂತೂ ಚೆನ್ನಾಗಿ ಕಂಡರೂ ತಕ್ಷಣ ಹೊರಡಿ, ಗಂಟಲು ಊದಿಕೊಂಡು ಆಮೇಲೆ ಕಿಡ್ನಿಯೂ ಕೈಕೊಡಬಹುದು. ಪ್ಯಾಕೆಟ್ ಜೊತೆಗೆ ತನ್ನಿ.