ಗೋಫರ್ ಇನ್ನೂ ನಡೀತಿದೆ, ಬೇರೆ ಬ್ರೌಸರ್‌ನಲ್ಲಿ ನೋಡಿ

ಗೋಫರ್ (ಮೆನುಗಳ ಮೂಲಕ ಫೈಲ್‌ಗಳನ್ನು ಓದಿಸುವ, ವೆಬ್‌ಗಿಂತ ಬೇರೆಯಾದ ಹಳೆಯ ಇಂಟರ್ನೆಟ್ ವ್ಯವಸ್ಥೆ) ವಿಳಾಸ ಫೈರ್‌ಫಾಕ್ಸ್‌ನಲ್ಲಿ ತೆರೆಯುತ್ತಿಲ್ಲ, ಸರ್ವರ್‌ಗಳೆಲ್ಲ ಮುಚ್ಚಿಹೋದವಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. 2011ರಲ್ಲಿ ಬಂದ ಫೈರ್‌ಫಾಕ್ಸ್ 4ರಲ್ಲಿ ಗೋಫರ್ ಬೆಂಬಲ ತೆಗೆದುಬಿಟ್ಟರು, ಅಷ್ಟೇ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ಲಿಂಕ್ಸ್ (Lynx) ಬ್ರೌಸರ್ (ಲಿನಕ್ಸ್ ಅಲ್ಲ, ಇದು ಬೇರೆ) ಹಾಕಿಕೊಳ್ಳಿ, ಅದರಲ್ಲಿ ಈಗಲೂ ತೆರೆಯುತ್ತದೆ. ಮೊದಲು ಫ್ಲಡ್‌ಗ್ಯಾಪ್ ಅನ್ನೋ ಗೋಫರ್ ಸರ್ವರ್‌ಗೆ ಹೋಗಿ. ಬೇರೆ ಗೋಫರ್ ತಾಣಗಳನ್ನು ಹುಡುಕಲು ವೆರೋನಿಕಾ-2 ಅನ್ನೋ ಸರ್ಚ್ ಎಂಜಿನ್ ಅಲ್ಲೇ ಇದೆ.

ಬ್ರೌಸರ್ ಇಲ್ಲದೆಯೂ ಒಮ್ಮೆ ನೋಡಿ, ನಿಜಕ್ಕೂ ಖುಷಿಯಾಗುತ್ತದೆ. ಟೆಲ್ನೆಟ್‌ನಿಂದ (ಟರ್ಮಿನಲ್‌ನಿಂದಲೇ ಬೇರೆ ಸರ್ವರ್‌ಗೆ ಕನೆಕ್ಟ್ ಆಗುವ ಪ್ರೋಗ್ರಾಂ) ಅದೇ ಸರ್ವರ್‌ನ 70ನೇ ಪೋರ್ಟಿಗೆ ಕನೆಕ್ಟ್ ಆಗಿ, ಏನೂ ಬರೆಯದೆ ಸುಮ್ನೆ ಎಂಟರ್ ಒತ್ತಿ. ಇಡೀ ಮೆನು ಬಂದು ಬೀಳುತ್ತದೆ, ಕನೆಕ್ಷನ್ ತಾನಾಗಿ ಮುಚ್ಚುತ್ತದೆ. ಪ್ರತಿ ಸಾಲಿನ ಮೊದಲ ಅಕ್ಷರ ಗಮನಿಸಿ. 0 ಇದ್ದರೆ ಟೆಕ್ಸ್ಟ್ ಫೈಲ್, 1 ಇದ್ದರೆ ಇನ್ನೊಂದು ಮೆನು, 7 ಇದ್ದರೆ ಹುಡುಕಾಟ. ಆಮೇಲೆ ಹೆಸರು, ಫೈಲಿನ ದಾರಿ, ಸರ್ವರ್, ಪೋರ್ಟ್, ನಡುನಡುವೆ ಟ್ಯಾಬ್. ಹೆಚ್ಚುಕಮ್ಮಿ ಇಷ್ಟೇ! 1991ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪ್ರೋಟೊಕಾಲ್ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮಾವಳಿ) ಇವತ್ತಿಗೂ ಉಳಿದಿರುವುದು ಈ ಸರಳತೆಯಿಂದಲೇ ಅಂತ ನನ್ನ ನಂಬಿಕೆ. ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದವರು ಕೂಡ ಸ್ವಂತ ಸರ್ವರ್ ಬರೆಯಬಹುದು, ಅಲ್ವಾ?

ಒಂದು ಎಚ್ಚರಿಕೆ: ಗೋಫರ್‌ನಲ್ಲಿ ಎನ್‌ಕ್ರಿಪ್ಷನ್ ಇಲ್ಲ, ಅಂದರೆ ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಬಹುದು. ಪಾಸ್‌ವರ್ಡ್, ಖಾಸಗಿ ಮಾಹಿತಿ ಯಾವುದನ್ನೂ ಅದರಲ್ಲಿ ಕಳಿಸಬೇಡಿ. ಎನ್‌ಕ್ರಿಪ್ಷನ್ ಬೇಕೇ ಬೇಕು ಅಂದರೆ 2019ರಲ್ಲಿ ಶುರುವಾದ, ಗೋಫರ್‌ನಂಥದ್ದೇ ಜೆಮಿನಿ ಪ್ರೋಟೊಕಾಲ್ ನೋಡಿ (ಗೂಗಲ್‌ನ ಎಐ ಅಲ್ಲ), ಅಲ್ಲಿ ಟಿಎಲ್‌ಎಸ್ ಅನ್ನೋ ಎನ್‌ಕ್ರಿಪ್ಷನ್ ಕಡ್ಡಾಯ. ಅದಕ್ಕೆ ಲಗ್ರಾಂಜ್ ಅನ್ನೋ ಬ್ರೌಸರ್ ಚೆನ್ನಾಗಿದೆ, ಗೋಫರ್ ಕೂಡ ತೆರೆಯುತ್ತದೆ. ಟರ್ಮಿನಲ್ ಅಭ್ಯಾಸ ಇಲ್ಲದಿದ್ದರೆ ನೇರವಾಗಿ ಅದನ್ನೇ ಹಾಕಿಕೊಳ್ಳಿ.