ಗೀಸರ್ ಬದಲಿಸುವ ಮೊದಲು ಸ್ವಿಚ್ಚು ನೋಡಿ, ಪೈಪು ನೋಡಿ

ಚಳಿ ಬಿತ್ತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಬಚ್ಚಲುಮನೆಯಿಂದಲೇ ಬರುತ್ತವೆ. ಬಹುಪಾಲು ಜನ ಕೇಳುವುದು ‘ಯಾವುದು ತಗೊಳ್ಳಲಿ?’ ಅಂತ. ಈಗಿರುವುದು ಎಲ್ಲಿ ಸೋರುತ್ತಿದೆ ಎಂದು ಕೇಳುವವರು ಕಡಿಮೆ. ಈ ಸಲ ಆರಿಸಿಕೊಂಡ ಐದು ಪ್ರಶ್ನೆಗಳಲ್ಲಿ ಎರಡಕ್ಕೆ ನನ್ನ ಉತ್ತರ ‘ಸದ್ಯ ಏನೂ ಕೊಳ್ಳಬೇಡಿ’ ಎಂಬುದೇ.

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಸ್ವಂತ ಮನೆ, ನಾಲ್ಕು ಜನ. ಎರಡು ಬಚ್ಚಲುಮನೆಗೆ 25 ಮತ್ತು 15 ಲೀಟರಿನ ಎರಡು ಗೀಸರ್. ಬೇಸಿಗೆಯಲ್ಲಿ ತಿಂಗಳಿಗೆ 180 ಯೂನಿಟ್ ಒಳಗೇ ಇರುತ್ತೇವೆ, ಗೃಹಜ್ಯೋತಿಯಿಂದ ಅನುಕೂಲವಾಗಿದೆ. ನವೆಂಬರ್ ಬಂದರೆ 215, 220 ಆಗಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆನ್-ಆಫ್ ಮಾಡಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದರಿಂದ ಎರಡೂ ಗೀಸರ್ ಸದಾ ಆನ್ ಇರುತ್ತವೆ. ನೀರು ಕಾಯಿಸುವ ಸೋಲಾರ್ ಹಾಕಿಸುವುದೇ, ಫೈವ್ ಸ್ಟಾರ್ ಗೀಸರ್ ತರುವುದೇ?

ಮೊದಲು ಆ ಎಲೆಕ್ಟ್ರಿಷಿಯನ್ ಮಾತನ್ನು ಮರೆತುಬಿಡಿ. ಬಿಸಿ ಮಾಡಿಟ್ಟ ನೀರು ಸುತ್ತಲಿನ ಗಾಳಿಗೆ ಶಾಖ ಬಿಡುತ್ತಲೇ ಇರುತ್ತದೆ. ನೀರು ಎಷ್ಟು ಬಿಸಿಯೋ ನಷ್ಟ ಅಷ್ಟು ಹೆಚ್ಚು. ಸದಾ ಆನ್ ಇಟ್ಟ ಗೀಸರ್ ಆ ನಷ್ಟವನ್ನು ಹಗಲೂ ರಾತ್ರಿ ತುಂಬುತ್ತಾ ಕೂರುತ್ತದೆ. 25 ಲೀಟರಿನ ಸಾಧಾರಣ ಗೀಸರ್, ಯಾರೂ ಒಂದು ಚೊಂಬು ನೀರು ಬಳಸದಿದ್ದರೂ, ದಿನಕ್ಕೆ ಅರ್ಧ ಯೂನಿಟ್‌ಗಿಂತ ಮೇಲೆ ತಿನ್ನುತ್ತದೆ. ನಿಮ್ಮ ಎರಡೂ ಸೇರಿ ಒಂದು ಯೂನಿಟ್ ಎಂದು ಹಿಡಿಯಿರಿ, ತಿಂಗಳಿಗೆ 30. ಆಫ್ ಮಾಡಿದರೆ ಅಷ್ಟೂ ಉಳಿಯುವುದಿಲ್ಲ, ಮಿಕ್ಕ ಬಿಸಿನೀರು ಆರುವಾಗ ಸ್ವಲ್ಪ ಹೋಗೇ ಹೋಗುತ್ತದೆ. ಆದರೂ ಬಹುಪಾಲು ಕೈಗೆ ಸಿಗುತ್ತದೆ. ನೀವು ಇನ್ನೂರು ದಾಟುತ್ತಿರುವುದು ಹದಿನೈದು ಇಪ್ಪತ್ತು ಯೂನಿಟ್‌ನಿಂದ ತಾನೆ?

ಗೃಹಜ್ಯೋತಿಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ನಿಮ್ಮಂಥ ಮನೆಗೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಸಿಗುವುದು ಉಚಿತ ಬಳಕೆಯ ಮಿತಿ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಹಾಗಾಗಿ ನಿಮಗೆ 201ನೇ ಯೂನಿಟ್‌ನ ಬೆಲೆ ಆರೇಳು ರೂಪಾಯಿ ಅಲ್ಲ, ಸಾವಿರದ ಮೇಲೆ.

ಇನ್ನು ಸ್ನಾನದ ಲೆಕ್ಕ. 22 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ತರಲು 0.42 ಯೂನಿಟ್ ಬೇಕು. ಕಾಯ್ಲ್ ಯಾವ ಕಂಪನಿಯದಾದರೂ ಈ ಅಂಕಿ ಬದಲಾಗದು, ಏಕೆಂದರೆ ಕಾಯ್ಲ್ ಎಳೆದ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿಗೇ ಹೋಗುತ್ತದೆ. ಗೀಸರ್ ಮೇಲಿನ ಸ್ಟಾರ್‌ಗಳು ಅಳೆಯುವುದು ಬಿಸಿ ಮಾಡಿಟ್ಟ ನೀರು ಎಷ್ಟು ಬೇಗ ಆರುತ್ತದೆ ಎಂಬುದನ್ನು. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಹಾಕಿ, ಆದಮೇಲೆ ಆರಿಸುವ ಮನೆಯಲ್ಲಿ ಒಂದು ಸ್ಟಾರಿಗೂ ಐದು ಸ್ಟಾರಿಗೂ ಬಿಲ್ಲಿನಲ್ಲಿ ಕಾಣುವಂಥ ವ್ಯತ್ಯಾಸ ಇಲ್ಲ. ಸದಾ ಆನ್ ಇಡುವ ಹೋಟೆಲಿಗೆ ಅದು ಮುಖ್ಯ.

ಬಕೆಟ್ ಸ್ನಾನ ನಾಲ್ಕು ಜನಕ್ಕೆ ತಿಂಗಳಿಗೆ ಸುಮಾರು 50 ಯೂನಿಟ್. ಶವರ್ ಬೇರೆ ಕತೆ. ಎಂಟು ನಿಮಿಷ ನಿಂತರೆ ಅರವತ್ತು ಎಪ್ಪತ್ತು ಲೀಟರ್ ಇಳಿದಿರುತ್ತದೆ, ಅಂದರೆ ಒಬ್ಬರೇ ಮೂರೂವರೆ ಬಕೆಟ್. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅಲ್ಲೊಂದು ಮಾತುಕತೆ ಬೇಕಾಗಬಹುದು. ಅದು ನನ್ನ ಪರಿಣತಿಯ ಆಚೆಗಿನದು.

ಈ ತಿಂಗಳು ಇಷ್ಟು ಮಾಡಿ: 15 ಲೀಟರಿನದನ್ನು ಪೂರ್ತಿ ಆರಿಸಿ. ಎಲ್ಲರೂ ಒಂದೇ ಬಚ್ಚಲಲ್ಲಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಬಿಸಿ ಎಷ್ಟೆಂದು ನಿಗದಿ ಮಾಡುವ ಥರ್ಮೋಸ್ಟಾಟ್ ತುತ್ತತುದಿಯಲ್ಲಿದ್ದರೆ 55 ಡಿಗ್ರಿಗೆ ಇಳಿಸಿ. ಮುಂದಿನ ಮೀಟರ್ ರೀಡಿಂಗ್ ನೋಡಿ.

ಸೋಲಾರ್ ಬೇಡವೆಂದಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೈಸೂರಿನ ಆಕಾಶ ಬಹುತೇಕ ತಿಳಿಯಾಗಿರುತ್ತದೆ. ನಿಮ್ಮ ಮೀಟರ್ ಓಡುವ ತಿಂಗಳಲ್ಲೇ ಸೋಲಾರ್ ಚೆನ್ನಾಗಿ ದುಡಿಯುತ್ತದೆ. ಬಕೆಟ್ ಸ್ನಾನಕ್ಕೆ ನೂರು ಲೀಟರಿನದು ಸಾಕು, ಶವರ್ ಇದ್ದರೆ ಇನ್ನೂರು. ಆದರೆ ದುಡ್ಡಿನ ಲೆಕ್ಕ ನೇರವಾಗಿ ಹೇಳಬೇಕು. ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್‌ನಿಂದ ಉಳಿಯುವ ಹಣವೂ ಸೊನ್ನೆಯೇ. ಬಿಲ್ ಕಟ್ಟುವವರಿಗೆ ತಿಂಗಳಿಗೆ ಮುನ್ನೂರ ಐವತ್ತು, ನಾನೂರು ಉಳಿದೀತು. ಅದರ ಜೊತೆಗೆ ಸೋಲಾರ್ ವಾಟರ್ ಹೀಟರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯೂ ವಿದ್ಯುತ್ ದರಪಟ್ಟಿಯಲ್ಲಿದೆ. ಹಾಕಿಸಿಕೊಂಡ ಎಷ್ಟೋ ಜನ ಅದನ್ನು ಕೇಳಿ ಪಡೆದಿಲ್ಲ. ನಿಮ್ಮ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ: 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಸಬ್ಸಿಡಿ ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ, ನೀರು ಕಾಯಿಸುವ ಸೋಲಾರ್‌ಗಲ್ಲ. ‘ಸಬ್ಸಿಡಿ ಕೊಡಿಸ್ತೀನಿ ಸಾರ್’ ಎಂದು ವಾಟರ್ ಹೀಟರ್ ಮಾರಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿ.

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಮೂರಂತಸ್ತಿನ ಮನೆ, ಬೋರ್‌ವೆಲ್ ನೀರು. ಎಂಟು ವರ್ಷದ ಹಿಂದೆ ಹಾಕಿಸಿದ 200 ಲೀಟರಿನ, ಗಾಜಿನ ಟ್ಯೂಬಿನ ಸೋಲಾರ್ ಇದೆ. ಮೊದಮೊದಲು ಕೈ ಸುಡುವಷ್ಟು ಬರುತ್ತಿದ್ದ ನೀರು ಈಗ ಉಗುರುಬೆಚ್ಚಗೆ. ಕೆಳಮನೆಯಲ್ಲಿ ಅರ್ಧ ಬಕೆಟ್ ತಣ್ಣೀರು ಸುರಿದ ಮೇಲೆ ಬಿಸಿ ಬರುತ್ತದೆ. ಪೂರ್ತಿ ಕಿತ್ತು, ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು.

ಕೀಳುವ ಮೊದಲು ಒಂದು ಪರೀಕ್ಷೆ ಮಾಡಿ. ಬಿಸಿಲಿದ್ದ ದಿನ ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ, ಸೋಲಾರ್ ಟ್ಯಾಂಕಿನ ಹತ್ತಿರದಲ್ಲೇ ಬಿಸಿನೀರು ಹಿಡಿದು ನೋಡಿ. ಅಲ್ಲಿ ಸುಡುತ್ತಿದೆ, ಕೆಳಗೆ ಇಲ್ಲ ಎಂದಾದರೆ ಸೋಲಾರ್‌ನ ತಪ್ಪಿಲ್ಲ.

ತಪ್ಪು ಎಲ್ಲಿರುತ್ತದೆ ಅಂದರೆ, ನಾನು ನೋಡಿದ ಇಂಥ ಮನೆಗಳಲ್ಲಿ ಹೆಚ್ಚಿನ ಸಲ ಮಿಕ್ಸರ್ ನಲ್ಲಿಯಲ್ಲಿ. ತಣ್ಣೀರು, ಬಿಸಿನೀರು ಎರಡನ್ನೂ ತೆರೆದಿಟ್ಟು ಶವರ್ ತುದಿಯಲ್ಲಿ ಮಾತ್ರ ನಿಲ್ಲಿಸುವ ಅಭ್ಯಾಸ ಇದ್ದರೆ ಎರಡು ಪೈಪುಗಳೂ ಒಳಗೊಳಗೇ ಒಂದಾಗುತ್ತವೆ. ಈಚೆಗೆ ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದ್ದೀರಾ? ಹಾಗಿದ್ದರೆ ಕತೆ ಮುಗಿದಂತೆ. ಪಂಪಿನ ಬಲದ ತಣ್ಣೀರು, ಮೇಲಿಂದ ಸುಮ್ಮನೆ ಇಳಿಯುವ ಬಿಸಿನೀರನ್ನು ಹಿಂದಕ್ಕೆ ತಳ್ಳಿ ಸೋಲಾರ್ ಟ್ಯಾಂಕಿನವರೆಗೂ ಹೋಗುತ್ತದೆ. ತಾರಸಿಯಲ್ಲಿ ಬಿಸಿನೀರಿನ ವಾಲ್ವ್ ಮುಚ್ಚಿ, ಕೆಳಗೆ ಬರೀ ಬಿಸಿನೀರಿನ ನಲ್ಲಿ ತಿರುಗಿಸಿ. ಪೈಪಿನಲ್ಲಿದ್ದದ್ದು ಖಾಲಿಯಾದ ಮೇಲೂ ನೀರು ಬರುತ್ತಲೇ ಇದ್ದರೆ ಎಲ್ಲೋ ತಣ್ಣೀರು ನುಗ್ಗುತ್ತಿದೆ ಎಂದೇ ಅರ್ಥ. ಒಂದೊಂದೇ ಬಚ್ಚಲಿನ ತಣ್ಣೀರು ನಿಲ್ಲಿಸುತ್ತಾ ಬಂದರೆ ಕಳ್ಳ ಸಿಗುತ್ತಾನೆ. ಅಲ್ಲಿ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಹಾಕಿಸಿದರೆ ಸರಿಹೋಗುತ್ತದೆ, ಕೆಲವು ನೂರು ರೂಪಾಯಿಯ ಕೆಲಸ.

ಟ್ಯಾಂಕಿನ ಹತ್ತಿರವೇ ಉಗುರುಬೆಚ್ಚಗಿದ್ದರೆ ಟ್ಯೂಬುಗಳನ್ನು ನೋಡಿ. ಕೆಳತುದಿಯಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣ ಇರಬೇಕು. ಅದು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದರೆ ಆ ಟ್ಯೂಬಿನ ನಿರ್ವಾತ ಹೋಗಿದೆ, ಅದನ್ನು ಬದಲಿಸಿ. ಪಕ್ಕದಲ್ಲಿ ಹೊಸ ಕಟ್ಟಡ ಎದ್ದು ನೆರಳು ಬೀಳುತ್ತಿದೆಯೋ ನೋಡಿ, ಎಂಟು ವರ್ಷದಲ್ಲಿ ಬೆಂಗಳೂರಲ್ಲಿ ಏನು ಬೇಕಾದರೂ ಎದ್ದಿರುತ್ತದೆ. ಬೋರ್‌ವೆಲ್ ನೀರಾದ್ದರಿಂದ ಒಳಗೆ ಸುಣ್ಣ ಕಟ್ಟಿರುವುದಂತೂ ಖಂಡಿತ. ಟ್ಯೂಬಿನ ತಳದಲ್ಲಿ ಬಿಳಿ ಪುಡಿ, ಚಕ್ಕೆ ತುಂಬಿ ನೀರು ಓಡಾಡುವ ಜಾಗವೇ ಕಿರಿದಾಗಿರುತ್ತದೆ. ತೆಗೆದು ತೊಳೆಸಿ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯುವವರನ್ನು ಮಾತ್ರ ಮೇಲೆ ಹತ್ತಿಸಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಸಣ್ಣ ಸಣ್ಣ ತೂತು ಬೀಳುತ್ತದೆ. ಈ ಕೆಲಸ ಬೆಳಗಿನ ಜಾವದಲ್ಲೇ ಆಗಲಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಅದು ಪಟಾರೆಂದು ಒಡೆಯುತ್ತದೆ.

ಇನ್ನು ಆ ಅರ್ಧ ಬಕೆಟ್. ಒಂದಿಂಚು ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರಿನ ಹತ್ತಿರ ನೀರು ನಿಂತಿರುತ್ತದೆ. ತಾರಸಿಯಿಂದ ಕೆಳಮನೆಗೆ 18 ಮೀಟರ್ ಎಂದರೆ ಎಂಟು ಲೀಟರ್. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ತಣ್ಣಗಾಗುವುದನ್ನು ಯಾವ ಹೊದಿಕೆಯೂ ತಡೆಯದು. ಒಂದು ಸ್ನಾನಕ್ಕೂ ಇನ್ನೊಂದಕ್ಕೂ ನಡುವೆ ಆರದಂತೆ ನೋಡಿಕೊಳ್ಳುವುದಷ್ಟೇ ಹೊದಿಕೆಯ ಕೆಲಸ. ತಾರಸಿ ಮೇಲೆ ಬಯಲಲ್ಲಿ ಓಡುವ ಪೈಪಿಗಾದರೂ ಅದು ಇರಲಿ. ಮೊದಲ ತಣ್ಣೀರನ್ನು ಬಕೆಟಿಗೆ ಹಿಡಿದು ಬಟ್ಟೆಗೋ ಗಿಡಕ್ಕೋ ಬಳಸಿ. ಮತ್ತು ಆ ಉದ್ದದ ಲೈನನ್ನು ಅಡುಗೆಮನೆಗೆ ಎಳೆಯಬೇಡಿ. ಪಾತ್ರೆ ತೊಳೆಯಲು ಎರಡು ಲೀಟರ್ ಬಿಸಿನೀರಿಗಾಗಿ ಎಂಟು ಲೀಟರ್ ಎಳೆದು, ಮಿಕ್ಕದ್ದನ್ನು ಪೈಪಿನಲ್ಲಿ ಆರಲು ಬಿಡುವುದು ಶುದ್ಧ ನಷ್ಟ.

ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೇ ಕಾಯ್ಲ್ ಇದ್ದರೆ ಅದನ್ನು ರಾತ್ರಿ ಹಾಕಿ ಮಲಗಬೇಡಿ. 200 ಲೀಟರನ್ನು 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್ ಮೇಲೆ ಬೇಕು. ಬಳಸದೆ ಮಿಕ್ಕ ಬಿಸಿನೀರು ಬೆಳಗ್ಗೆ ಟ್ಯಾಂಕಿನಲ್ಲೇ ಇದ್ದರೆ ಸೂರ್ಯನಿಗೆ ಕೆಲಸವೇ ಇರುವುದಿಲ್ಲ. ಬಚ್ಚಲಲ್ಲೊಂದು ಚಿಕ್ಕ ಗೀಸರ್ ಇಟ್ಟು ಸೋಲಾರ್ ನೀರನ್ನು ಅದರ ಮೂಲಕ ಹಾಯಿಸುವುದು ಮೇಲು. ಸೋಲಾರ್‌ನ ಬಿಸಿನೀರನ್ನು ತಡೆದುಕೊಳ್ಳುವ ಗೀಸರ್ ಹೌದೋ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಊರು ಶಿರಸಿ ಹತ್ತಿರ. ಅಪ್ಪ, ಆಯಿ ಇಬ್ಬರೇ ಇದ್ದಾರೆ. ಇಂದಿಗೂ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯಲ್ಲೇ ನೀರು ಕಾಯಿಸುತ್ತಾರೆ. ಬೆಂಗಳೂರಿಂದ ಸೋಲಾರ್ ಕಳಿಸುತ್ತೇನೆಂದರೆ ಆಯಿ ಬೇಡವೇ ಬೇಡ ಎನ್ನುತ್ತಾಳೆ. ಹೇಗೆ ಒಪ್ಪಿಸಲಿ?

ಒಪ್ಪಿಸಬೇಡಿ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಗರಿ, ಮುರಿದು ಬಿದ್ದ ಕೊಂಬೆ ಎಲ್ಲ ತೋಟದಲ್ಲೇ ಬೀಳುತ್ತದೆ, ಹೇಗಿದ್ದರೂ ಎಲ್ಲೋ ಒಂದು ಕಡೆ ಹೋಗಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮೂರಲ್ಲಿ ಸೋಲಾರ್‌ಗೆ ಬಿಸಿಲಿಲ್ಲ, ಕರೆಂಟೂ ಹೇಳದೆ ಕೇಳದೆ ಹೋಗುತ್ತದೆ. ಆಗ ಹಂಡೆಯೇ ಗತಿ. ಬೆಂಕಿ ಆರಿದ ಮೇಲೂ ಕೆಂಡದ ಮೇಲೆ ಕೂತು ಮಧ್ಯಾಹ್ನದವರೆಗೆ ನೀರು ಬಿಸಿ ಇಡುವ ಹಂಡೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ನನಗಂತೂ ಸಾಧ್ಯವಿಲ್ಲ.

ಸುಧಾರಿಸಬೇಕಾದದ್ದು ಒಲೆ. ಬಾಯಿ ಅಗಲಕ್ಕೆ ತೆರೆದ ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದ ದೊಡ್ಡ ಪಾಲು ಹಂಡೆಗೆ ತಾಗದೆ ಹೊರಗೆ ಹೋಗುತ್ತದೆ, ಹೊಗೆ ಆಯಿಯ ಕಣ್ಣಿಗೆ. ಕಟ್ಟಿಗೆಯಡಿ ಕಬ್ಬಿಣದ ಜಾಲರಿ, ಅದರ ಕೆಳಗಿಂದ ಗಾಳಿ, ಹಂಡೆಯ ಸುತ್ತ ಬಿಸಿ ಸುತ್ತಿಬರುವಷ್ಟೇ ಸಂದು, ಕೊನೆಗೆ ಮಾಡು ದಾಟುವ ಹೊಗೆಕೊಳವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಇಂಥ ಯೋಚನೆಯಿಂದಲೇ ಹುಟ್ಟಿದ್ದು. ನಿಮ್ಮೂರ ಒಳ್ಳೆಯ ಗಾರೆಯವರೇ ಕಟ್ಟಬಲ್ಲರು. ಹಂಡೆಗೆ ಮುಚ್ಚಳ ಇದೆಯೇ? ಇಲ್ಲದಿದ್ದರೆ ಇವತ್ತೇ ಒಂದು ಹುಡುಕಿ. ತಳದ ಹೊರಗಿನ ಮಸಿ, ಒಳಗಿನ ಕಿಟ್ಟ ಎರಡನ್ನೂ ಆಗಾಗ ಕೆರೆಸಿ. ಮಳೆಗಾಲಕ್ಕೆ ಮೊದಲೇ ಕಟ್ಟಿಗೆ ಒಣಗಿಸಿಡುವ ವಿಷಯ ಅಪ್ಪನಿಗೆ ನಾನು ಹೇಳಬೇಕಿಲ್ಲ.

ಒಂದು ಮಾತ್ರ ಕೇಳಿ ನೋಡಿ: ದಿನಾ ಬೆಂಕಿ ಹಾಕುವವರು ಯಾರು, ಸಿಪ್ಪೆ ಹೊತ್ತು ತರುವವರು ಯಾರು? ಆಯಿಗೆ ಬಗ್ಗಿ ಊದುವುದೇ ಕಷ್ಟವಾಗಿದ್ದರೆ, ಹಂಡೆ ತೆಗೆಯದೆ ಪಕ್ಕದಲ್ಲೊಂದು ಗೀಸರ್ ಕೂರಿಸಿ. ಮೈ ಸರಿಯಿಲ್ಲದ ದಿನ ಸ್ವಿಚ್ ಹಾಕಿಕೊಳ್ಳಲಿ.

ಪ್ರಶ್ನೆ: ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇವೆ. ತಾರಸಿಯಲ್ಲಿ ನಮಗೆ ಜಾಗವಿಲ್ಲ. ಹೀಟ್ ಪಂಪ್ ಆಗುತ್ತದೆಯೇ?

ಆಗುತ್ತದೆ, ಗಾಳಿ ಆಡುವ ಬಾಲ್ಕನಿ ಇದ್ದರೆ. ಹೀಟ್ ಪಂಪ್ ಅಂದರೆ ತಿರುಗಿಸಿಟ್ಟ ಫ್ರಿಜ್ ಎನ್ನಿ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ತುಂಬುತ್ತದೆ. ನಮ್ಮ ಹವೆಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಸೆಕೆಯ ಮಂಗಳೂರಿನಲ್ಲಿ ಇನ್ನೂ ಚೆನ್ನ. ಸಣ್ಣದಾಗಿ ಸದ್ದು ಮಾಡುತ್ತದೆ, ತಣ್ಣನೆ ಗಾಳಿ ಬಿಡುತ್ತದೆ, ಬೆಲೆ ಗೀಸರಿನ ಹತ್ತರಷ್ಟು. ಇಬ್ಬರು ಬಕೆಟ್ ಸ್ನಾನ ಮಾಡುವ ಮನೆಯಲ್ಲಿ ಅದು ತಿಂಗಳಿಗೆ ಉಳಿಸುವುದು ನೂರು, ನೂರೈವತ್ತು ರೂಪಾಯಿ. ಹಾಕಿದ ದುಡ್ಡು ಯಂತ್ರದ ಆಯುಷ್ಯದೊಳಗೆ ಹುಟ್ಟುವುದಿಲ್ಲ. ಆರೇಳು ಜನ ಶವರ್ ಬಳಸುವ ಮನೆಯಾದರೆ ಯೋಚಿಸಿ. ನಿಮ್ಮ ಮನೆಗೆ ಯಾವುದೆಂದು ತಿಳಿಯದಿದ್ದರೆ ಒಂದು ವಾರ ಬಕೆಟ್ ಎಣಿಸಿ.

ಪ್ರಶ್ನೆ: ಗ್ಯಾಸ್ ಗೀಸರ್ ಅಗ್ಗವಂತೆ, ಹೌದೇ?

ಕೊಳ್ಳುವಾಗ ಅಗ್ಗ. ನಡೆಸುವಾಗ, 14.2 ಕೆ.ಜಿ. ಸಿಲಿಂಡರಿಗೆ 850–900 ರೂಪಾಯಿ ಅಂದುಕೊಂಡರೆ, ಕರೆಂಟಿಗೂ ಅದಕ್ಕೂ ಹೆಚ್ಚುಕಡಿಮೆ ಸಮ. ಆ ಸಮಕ್ಕೆ ಜೀವ ಪಣಕ್ಕಿಡಬೇಡಿ. ಕಿಟಕಿ ಮುಚ್ಚಿದ ಬಚ್ಚಲಿನೊಳಗೆ ಉರಿದ ಗ್ಯಾಸ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಈಗಾಗಲೇ ಇದ್ದರೆ ಪೆಟ್ಟಿಗೆಯನ್ನೂ ಸಿಲಿಂಡರನ್ನೂ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಬಯಲಿಗೆ ಹಾಕಿಸಿ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಹೊರಗೆ ಜಾಗವಿಲ್ಲದಿದ್ದರೆ ಇವತ್ತೇ ಬಿಚ್ಚಿಸಿ.